ಮೃತರಿಗೆ ಮೂವರು ಪುತ್ರರು

ಅಜ್ಜಿಯನ್ನು ಸಾಯಿಸುವ ಮಾತು ಆ ಮನೆಯಲ್ಲಿ ಮೊದಲು ಎದ್ದದ್ದು ರಾತ್ರಿಯೂಟದ ಹೊತ್ತಿಗೆ, ಅದೂ ಅಜ್ಜಿಯ ಎದುರಿಗೇ.

"ಮನೇಲಿ ಯಾರಾದ್ರೂ ಒಬ್ಬರು ತೀರಿಕೊಂಡ ಹಾಗೆ ಸುದ್ದಿ ಬರೀಬೇಕಂತೆ," ಎಂದಳು ಗಿಣಿ, ಬ್ರೆಡ್ಡಿನ ಅಂಚನ್ನು ಸೂಪಿನಲ್ಲಿ ಅದ್ದುತ್ತ. "ಈ ತಿಂಗಳ ಕೊನೆಯೊಳಗೆ ಕೊಡಬೇಕು."

ಅಮ್ಮನ ಕೈಯ ಸೌಟು ಪಾತ್ರೆಗೆ ಬಡಿಯಿತು. "ಬಿಡ್ತು ಅನ್ನು! ಕಾಲೇಜಲ್ಲಿ ಇದನ್ನಾ ಕಲಿಸೋದು?"

"ದೊಡ್ಡವರ ಸಾವಿನ ಸುದ್ದೀನ ಅವರು ಬದುಕಿದ್ದಾಗಲೇ ಬರೆದಿಟ್ಟಿರ್ತಾರಮ್ಮ. ಸತ್ತ ದಿನ ವಾರ ತುಂಬಿಸೋದಷ್ಟೇ ಕೆಲಸ. ಅದಕ್ಕೇ ಅಭ್ಯಾಸ."

"ಹಾಗಾದ್ರೆ ನಿಮ್ಮ ಮೇಡಮ್ಮನ್ನೇ ಸಾಯಿಸು," ಎಂದ ಅಪ್ಪ. "ನಿನ್ನ ಗೋಳೂ ತಪ್ಪುತ್ತೆ."

ಅಜ್ಜಿ ಬಟ್ಟಲು ಕೆಳಗಿಟ್ಟಳು. "ನನ್ನನ್ನೇ ಬರಿಯೇ. ಹೇಗೂ ಸರದಿ ನನ್ನದೇ. ತನ್ನ ಸಾವನ್ನ ತಾನೇ ಕೂತು ಕೇಳೋ ಭಾಗ್ಯ ಎಷ್ಟು ಜನಕ್ಕುಂಟು?"

ಎಲ್ಲರೂ ನಕ್ಕರು. ನಾಲ್ಕು ಜನ ಒಂದೇ ಮಾತಿಗೆ ನಕ್ಕದ್ದು ಮುಂದೆ ಎಷ್ಟೋ ವಾರಗಳ ಮಟ್ಟಿಗೆ ಅದೇ ಕೊನೆ.

ಗಿಣಿ ಎನ್ನುವುದು ಮನೆಯವರು ಇಟ್ಟ ಹೆಸರು. ಚಿಕ್ಕಂದಿನಲ್ಲಿ ಕೇಳಿದ್ದನ್ನೆಲ್ಲ ಬೀದಿಗೆ ಹೋಗಿ ಒಪ್ಪಿಸಿ ಬರುತ್ತಿದ್ದಳು. ಅಂಥವಳು ಪತ್ರಿಕೋದ್ಯಮಕ್ಕೆ ಸೇರಿದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಬೆಳಗ್ಗೆ ಕಾಲೇಜು. ವಾರಕ್ಕೆ ಮೂರು ಮಧ್ಯಾಹ್ನ ಒಂದು ಸಣ್ಣ ದಿನಪತ್ರಿಕೆಯ ಕಚೇರಿಯಲ್ಲಿ ತರಬೇತಿ. ಅಲ್ಲಿನ ಉಪಸಂಪಾದಕಿಯೇ ಗಿಣಿಯ ತರಗತಿಗೆ ಸುದ್ದಿ ಬರೆಯುವುದನ್ನು ಕಲಿಸುವವಳು. ವಿದ್ಯಾರ್ಥಿಗಳು ಅವಳಿಗೆ ಇಟ್ಟ ಹೆಸರು ಕತ್ತರಿ ಮೇಡಂ. ಗಿಣಿ ತನ್ನ ಮೊದಲ ಬರಹದಲ್ಲಿ 'ಪ್ರೀತಿಯ ಅಧ್ಯಾಪಕ' ಎಂದು ಬರೆದಾಗ, ಮೇಡಂ ಆ ಮೊದಲ ಪದಕ್ಕೆ ಗೀಟು ಎಳೆದು, "ಪ್ರೀತಿಗೆ ಸಾಕ್ಷಿ ಯಾರು?" ಎಂದು ಕೇಳಿದ್ದಳು.

ಅವಳ ಕಟ್ಟಳೆಗಳು ಬಹಳವಿರಲಿಲ್ಲ. ಮೊದಲ ವಾಕ್ಯದಲ್ಲೇ ಯಾರು, ಏನು, ಯಾವಾಗ, ಎಲ್ಲಿ ಎನ್ನುವುದು ಮುಗಿದಿರಬೇಕು. ಪ್ರತಿಯೊಂದು ಸಂಗತಿಯೂ ಇಬ್ಬರ ಬಾಯಿಂದ ಬಂದಿರಬೇಕು. ಒಂದೇ ಬಾಯಿಂದ ಬಂದದ್ದು ಮಾತು, ಎರಡು ಬಾಯಿಂದ ಬಂದರೆ ಸುದ್ದಿ. ಮತ್ತು ಅಭ್ಯಾಸದ ಬರಹವಾದರೆ ಎಲ್ಲಕ್ಕಿಂತ ಮೇಲೆ 'ಅಭ್ಯಾಸ, ಅಚ್ಚಿಗಲ್ಲ' ಎಂದು ದಪ್ಪಕ್ಷರದಲ್ಲಿ ಇರಲೇಬೇಕು.

ಮರುದಿನ ಮಧ್ಯಾಹ್ನ ಅಜ್ಜಿ ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದಳು. ಪಕ್ಕದಲ್ಲೇ ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಬೀದಿಯ ಅರ್ಧದಷ್ಟು ಅಂಗಿಗಳ ಸುಕ್ಕು ಬಿಡುವುದು ಅವಳ ಕೈಯಲ್ಲೇ. ಗಿಣಿ ಪೆನ್ನು ಹಿಡಿದು ಎದುರಿಗೆ ಕೂತಳು.

"ಓದಿದ್ದು?"

"ನಾಲ್ಕನೇ ಕ್ಲಾಸು. ಐದಕ್ಕೆ ಹೋದೆ, ಮೇಷ್ಟ್ರು ಹೊಡೆದರು, ವಾಪಸ್ ಬಂದೆ."

"ಕೆಲಸ?"

"ಅಂಗಿ ಗುಂಡಿ ಮಾಡೋ ಕಾರ್ಖಾನೆ. ಒಡೆದ ಗುಂಡಿ ಆರಿಸಿ ತೆಗೆಯೋ ಕೆಲಸ. ನಿಮ್ಮಪ್ಪ ಹುಟ್ಟೋ ಹಿಂದಿನ ದಿನವೂ ಹೋಗಿದ್ದೆ ಅಂತ ಬರಿ."

"ಅದಕ್ಕೆ ಎರಡನೇ ಬಾಯಿ ಬೇಕಲ್ಲಜ್ಜಿ."

"ನಿಮ್ಮಪ್ಪನ್ನ ಕೇಳು. ಅವನೂ ಒಳಗೇ ಇದ್ದ."

ಅಮ್ಮ ನಗುವನ್ನು ತಡೆದುಕೊಂಡು ಅಂಗಿಯ ಕಾಲರನ್ನು ತಿರುಗಿಸಿದಳು. ಗಿಣಿ ಬರೆದುಕೊಂಡು ಮುಂದಿನ ಪ್ರಶ್ನೆಗೆ ಬಂದಳು. ಉತ್ತರ ಗೊತ್ತಿದ್ದ ಪ್ರಶ್ನೆ ಅದು, ಕೇಳಬೇಕೆಂದು ಕೇಳಿದ್ದು.

"ಮಕ್ಕಳು? ಮೂವರು ಪುತ್ರರು, ಅಲ್ವಾ?"

"ನಾಲ್ಕು," ಎಂದಳು ಅಜ್ಜಿ. "ಮೂರು ಗಂಡು, ಒಂದು ಹೆಣ್ಣು."

ಇಸ್ತ್ರಿ ಪೆಟ್ಟಿಗೆ ನಿಂತುಬಿಟ್ಟಿತು. "ಅತ್ತೆ, ಬೇಡ," ಎಂದಳು ಅಮ್ಮ ಮೆಲ್ಲಗೆ.

"ಏನು ಬೇಡ? ಬಸಿರು ನನ್ನದು, ಬೇನೆ ನನ್ನದು. ಲೆಕ್ಕ ಮಾತ್ರ ಊರವರದಾ? ನಿಮ್ಮಪ್ಪ ಮೊದಲನೇದು. ಆಮೇಲೆ ಅವಳು. ಆಮೇಲೆ ನಿನ್ನ ಚಿಕ್ಕಪ್ಪಂದಿರು. ಬರ್ಕೊ."

ಸುಟ್ಟ ವಾಸನೆ ಬಂತು. ಯಾರದೋ ಬಿಳಿ ಅಂಗಿಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಕಂದು ಮುದ್ರೆ ಬಿದ್ದಿತ್ತು. ಅಮ್ಮ ಹಣೆ ಚಚ್ಚಿಕೊಂಡಳು. ಅಜ್ಜಿ ಮಾತ್ರ ಬಟಾಣಿ ಸುಲಿಯುತ್ತಲೇ ಎಲ್ಲವನ್ನೂ ಹೇಳಿದಳು.

ಅಪ್ಪ ಆಗ ಸೋಡಾ ಕಂಪನಿಯ ವ್ಯಾನ್ ಓಡಿಸುತ್ತಿದ್ದ. ವ್ಯಾನೆಂದರೆ ಪ್ರಾಣ. ಒಂದು ಸಂಜೆ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುವಾಗ, ತಿರುವಿನಲ್ಲಿ ಸೈಕಲ್ಲಿನವನೊಬ್ಬನಿಗೆ ಗುದ್ದಿದ. ಸೈಕಲ್ಲಿನವನ ಕಾಲು ಹೋಯಿತು. ಅವನೇ ಅಡ್ಡ ಬಂದನೆಂದು ಅಪ್ಪ ಹೇಳಿದ. ಮನೆಯವರೆಲ್ಲ ಅದನ್ನೇ ಹೇಳಿದರು, ನೋಡದವರೂ ಹೇಳಿದರು. ನೋಡಿದ್ದವಳು ತಂಗಿ ಒಬ್ಬಳೇ. ಕೋರ್ಟಿನಲ್ಲಿ ನಿಂತು ಅವಳು, ಅಣ್ಣ ಸಿಗರೇಟು ಹಚ್ಚಲು ತಲೆ ಬಗ್ಗಿಸಿದ್ದ, ಸೈಕಲ್ಲು ತನ್ನ ಪಾಡಿಗೆ ತಾನು ಬರುತ್ತಿತ್ತು ಎಂದುಬಿಟ್ಟಳು. ಅಪ್ಪನಿಗೆ ಜೈಲಾಯಿತು. ಲೈಸೆನ್ಸು ಹೋದದ್ದು ಮತ್ತೆ ಬರಲಿಲ್ಲ. ಅಂದೇ ತಾತ, ನನಗೆ ಮಗಳಿಲ್ಲ ಎಂದ. ತಾತ ಸತ್ತ ಮೇಲೆ ಆ ಮಾತನ್ನು ಅಪ್ಪ ಕಾಪಾಡಿಕೊಂಡು ಬಂದ.

"ಎಲ್ಲಿದ್ದಾಳೆ ಈಗ?" ಎಂದಳು ಗಿಣಿ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಬೆಳೆದು, ತನಗೊಬ್ಬ ಅತ್ತೆ ಇದ್ದಾಳೆಂಬುದೇ ಅವಳಿಗೆ ತಿಳಿದಿರಲಿಲ್ಲ.

"ದೊಡ್ಡಾಸ್ಪತ್ರೇಲಿ ಹಾಸಿಗೆ ಬಟ್ಟೆ ಹೊಲಿಯೋ ಕೋಣೆ ಇದೆಯಂತೆ. ಅಲ್ಲಿ. ಯಾರೋ ಹೇಳಿದ್ದು, ನಾನು ನೋಡಿಲ್ಲ." ಅಜ್ಜಿ ಕೊನೆಯ ಸಿಪ್ಪೆಯನ್ನು ಕಿಟಕಿಯಾಚೆ ಎಸೆದಳು. "ಸತ್ತಾಗಲಾದ್ರೂ ನಾಲ್ಕು ಅಂತ ಬರಲಿ. ಅಷ್ಟು ಸಾಕು ನನಗೆ."

ಒಂದು ಬಾಯಿ ಆಯಿತು. ಎರಡನೆಯ ಬಾಯಿಗೆ ಗಿಣಿ ಅಂದು ಸಂಜೆಯೇ ಕೈ ಹಾಕಿದಳು. ಬುದ್ಧಿ ಇದ್ದವರು ಅಪ್ಪ ಊಟ ಮುಗಿಸುವವರೆಗಾದರೂ ಕಾಯುತ್ತಿದ್ದರು. ಗಿಣಿಗೆ ಆಗ ಇದ್ದದ್ದು ಹುಮ್ಮಸ್ಸು ಮಾತ್ರ.

"ಅಪ್ಪ, ಒಂದು ಖಚಿತ ಮಾಡ್ಕೋಬೇಕಿತ್ತು. ಅಜ್ಜಿಗೆ ಮಕ್ಕಳೆಷ್ಟು?"

ಅಪ್ಪ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದ. "ಇದೇನು ಪ್ರಶ್ನೆ? ಮೂರು."

"ಅಜ್ಜಿ ನಾಲ್ಕು ಅಂದ್ಲು."

ಅಪ್ಪ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟ. ಅಮ್ಮನ ಕಡೆ ನೋಡಿದ. ಅಮ್ಮ ನೀರಿನ ಜಗ್ಗು ತರುವ ನೆಪದಲ್ಲಿ ಎದ್ದು ಒಳಗೆ ಹೋದಳು.

"ಅಮ್ಮ, ಏನು ಹೇಳಿದೆ ಈ ಮಗುಗೆ?" ಎಂದು ಅಪ್ಪ ಅಜ್ಜಿಯತ್ತ ತಿರುಗಿದ.

"ಕೇಳಿದ್ದಕ್ಕೆ ಉತ್ತರ ಹೇಳಿದೆ."

"ಅಪ್ಪ ಬದುಕಿದ್ದಾಗ ಬಾಯಿ ಬಿಡಲಿಲ್ಲ. ಈಗ ಬಿಡ್ತೀಯಾ?"

"ಆಗ ಬಿಟ್ಟಿದ್ರೆ ಹಲ್ಲು ಉದುರ್ತಿತ್ತು. ಈಗ ಉದುರೋಕೆ ಹಲ್ಲೇ ಇಲ್ಲ."

"ಮೂರು ಅಂತ ಬರಿ," ಎಂದ ಅಪ್ಪ ಗಿಣಿಗೆ. "ಓದೋಕೆ ಕಳಿಸಿದ್ದು ಊರ ಸುದ್ದಿ ಬರೀಲಿ ಅಂತ. ಮನೆ ಸುದ್ದಿ ಕೆದಕೋಕಲ್ಲ."

"ಮೂರು ಅಂತ ಬರೆದ್ರೆ ಆ ಹೆಣ ನನ್ನದಲ್ಲ," ಎಂದಳು ಅಜ್ಜಿ. "ಇನ್ಯಾರದೋ. ಅದಕ್ಕೆ ನೀನೇ ಅಳು."

ಅಪ್ಪ ತಟ್ಟೆ ತಳ್ಳಿ ಎದ್ದ. ಮೊಟ್ಟೆ ಉರುಳಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ ತೊಳೆದು ಮತ್ತೆ ಪಾತ್ರೆಗೆ ಹಾಕಿದವಳು ಅಮ್ಮ. ಆ ಮನೆಯಲ್ಲಿ ಯಾರ ಕೋಪ ಎಲ್ಲೇ ಬಿದ್ದರೂ ಒರೆಸುವ ಬಟ್ಟೆ ಅವಳ ಕೈಯಲ್ಲೇ ಇರುತ್ತಿತ್ತು.

ಆಮೇಲಿನ ವಾರಗಳು ಬಿಸಿತುಪ್ಪದ ವಾರಗಳು. ನುಂಗುವಂತಿಲ್ಲ, ಉಗುಳುವಂತಿಲ್ಲ. ಅಪ್ಪ ಬ್ರೆಡ್ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದ. ಬೆಳಗಿನ ಜಾವಕ್ಕೇ ಹೋಗಿ, ಬೇರೆಯವರು ಓಡಿಸುವ ವ್ಯಾನುಗಳಿಗೆ ಬ್ರೆಡ್ಡಿನ ಟ್ರೇ ಏರಿಸುವುದು ಅವನ ಕೆಲಸ. ಮೊದಲೆಲ್ಲ ಬರುವಾಗ ಅಜ್ಜಿಗೆಂದು ಮೆತ್ತಗಿನ ಬನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಈಗ ಜೇಬು ಖಾಲಿ. ತಾಯಿ ಮಗ ಒಂದೇ ಮೇಜಿಗೆ ಕೂತು ಗಿಣಿಯ ಮೂಲಕ ಮಾತಾಡುತ್ತಿದ್ದರು.

"ಉಪ್ಪು ಈ ಕಡೆ ತಳ್ಳೋಕೆ ಹೇಳು ನಿಮ್ಮಜ್ಜಿಗೆ."

"ಉಪ್ಪು ತಿಂದೋರಿಗೆ ನೀರು ಕುಡಿಯೋದೂ ಗೊತ್ತಿರಬೇಕು ಅಂತ ಹೇಳು ನಿಮ್ಮಪ್ಪನಿಗೆ."

ಒಂದು ಮಧ್ಯಾಹ್ನ ಗಿಣಿ ದೊಡ್ಡ ಚಿಕ್ಕಪ್ಪನಿಗೆ ಫೋನ್ ಮಾಡಿದಳು. ಅವನು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟ. "ಅಮ್ಮ ಹೇಳೋದೂ ಸುಳ್ಳಲ್ಲ, ಅಣ್ಣ ಹೇಳೋದೂ ತಪ್ಪಲ್ಲ. ನನ್ನ ಹೆಸರು ಎಲ್ಲೂ ತರಬೇಡಮ್ಮ." ಚಿಕ್ಕ ಚಿಕ್ಕಪ್ಪ ಫೋನನ್ನೇ ಎತ್ತಲಿಲ್ಲ.

ಅಮ್ಮ ಗಿಣಿಯ ಮೇಲೆಯೇ ಹರಿಹಾಯ್ದಳು. "ಬೆಂಕಿ ಹಚ್ಚಿ ನೀನು ಕಾಲೇಜಿಗೆ ಹೋಗ್ತೀಯ. ಇಡೀ ದಿನ ಹೊಗೆ ಕುಡಿಯೋಳು ನಾನು."

"ನಾನೇನು ಹಚ್ಚಿದೆ? ಮೊದಲೇ ಇತ್ತಲ್ಲ."

"ಇತ್ತು. ಮೇಲೆ ಬೂದಿ ಇತ್ತು. ಊದಿದ್ದು ಯಾರು?"

ಆದರೂ ಮೊದಲ ಪ್ರತಿಯಲ್ಲಿ ಗಿಣಿ 'ಮೃತರಿಗೆ ಮೂವರು ಪುತ್ರರು, ಒಬ್ಬ ಪುತ್ರಿ ಇದ್ದಾರೆ' ಎಂದೇ ಬರೆದಳು. ಕತ್ತರಿ ಮೇಡಂ ಅದನ್ನು ಓದಿ, 'ಒಬ್ಬ ಪುತ್ರಿ' ಎನ್ನುವುದರ ಸುತ್ತ ಕೆಂಪು ಬಳೆ ಎಳೆದಳು.

"ಎರಡನೇ ಬಾಯಿ?"

"ಮನೇಲಿ ಯಾರೂ ಹೇಳಲ್ಲ ಮೇಡಂ."

"ಮನೆ ಹೊರಗೆ? ಆ ಪುತ್ರಿಗೇ ಬಾಯಿಲ್ವಾ?"

ಹಾಗೆ ಗಿಣಿ ದೊಡ್ಡಾಸ್ಪತ್ರೆಗೆ ಹೋದಳು. ಹಿಂಬದಿಯ ಕಾರಿಡಾರಿನ ಕೊನೆಗೆ ಬಟ್ಟೆ ಕೋಣೆ, ಬಾಗಿಲು ತೆರೆದಿತ್ತು. ರಾಶಿ ಬಿದ್ದ ಬಿಳಿ ಚಾದರಗಳ ನಡುವೆ ಹೊಲಿಗೆ ಯಂತ್ರದ ಮುಂದೆ ಒಬ್ಬ ಹೆಂಗಸು ಕೂತಿದ್ದಳು. ಚಾದರದ ಹರಿದ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು, ತಲೆಯನ್ನು ಒಂದು ಬದಿಗೆ ವಾಲಿಸಿ ನೋಡುತ್ತಿದ್ದಳು. ಅಜ್ಜಿ ಹುಳುಕು ಬಟಾಣಿ ನೋಡುವುದು ಹೀಗೆಯೇ.

"ಏನು ಬೇಕಮ್ಮ?"

ನೂರು ಸಲ ಬಾಯಿಪಾಠ ಮಾಡಿಕೊಂಡಿದ್ದ ಪ್ರಶ್ನೆ ಕೈಕೊಟ್ಟಿತು. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಬರೆಯಬೇಕಾಗುತ್ತದೆ, ಬರೆದರೆ ಅಪ್ಪ. "ಏನಿಲ್ಲ, ದಾರಿ ತಪ್ಪಿದೆ," ಎಂದು ಗಿಣಿ ತಿರುಗಿ ಹೊರಟಳು. ಬಸ್ಸಿನಲ್ಲಿ ಕೂತು ತನ್ನನ್ನು ತಾನೇ ಬೈದುಕೊಂಡಳು. ಕೇಳಿದ್ದನ್ನೆಲ್ಲ ಬೀದಿಗೆ ಒಪ್ಪಿಸುತ್ತಿದ್ದ ಗಿಣಿಗೆ ತನ್ನ ಮನೆಯವಳ ಮುಂದೆ ಮಾತು ಹೊರಡಲಿಲ್ಲ.

ಆ ವಾರವೇ ಅಪ್ಪನ ಕಣ್ಣಿಗೆ ಮೇಜಿನ ಮೇಲಿದ್ದ ಪ್ರತಿ ಬಿತ್ತು. ಕೆಂಪು ಬಳೆಯೊಳಗಿನ ಎರಡು ಪದ ಕಾಣದಿರಲು ಸಾಧ್ಯವೇ ಇರಲಿಲ್ಲ.

"ಮೂರು ಅಂತ ಹೇಳಿದ್ದೆ."

"ಅದು ನಿಜ ಅಲ್ಲವಲ್ಲಪ್ಪ."

"ನಿಜ!" ಅಪ್ಪ ಮೇಜಿಗೆ ಅಂಗೈ ಬಡಿದ. ಮಡಿಚಿಟ್ಟ ಅಂಗಿಗಳ ಸಾಲು ಅಲುಗಿ ಕೆಳಗೆ ಜಾರಿತು. "ಒಬ್ಬಳು ನಿಜ ಹೇಳಿ ನನ್ನನ್ನ ಜೈಲಿಗೆ ಕಳಿಸಿದ್ಲು. ಈಗ ಈ ಮನೇಲಿ ಇನ್ನೊಬ್ಬಳು ಹುಟ್ಟಿದ್ದಾಳೆ. ಕೇಳು, ಅವಳು ಆ ಕಾಗದದೊಳಗೆ ಬಂದ್ರೆ ನಾಳೆಯಿಂದ ನಿನ್ನ ಓದು ಸಾಕು. ನಿಮ್ಮಮ್ಮನ ಜೊತೆ ಇಸ್ತ್ರಿ ಹಿಡಿ."

"ರೀ, ಅದು ಬರೀ ಅಭ್ಯಾಸದ್ದು..." ಎಂದಳು ಅಮ್ಮ.

"ಅಭ್ಯಾಸ ಆಗೋದೇ ಬೇಡ ಅಂತ ಹೇಳ್ತಿರೋದು!"

ಅಪ್ಪ ಹೊರಗೆ ಹೋದ ಮೇಲೆ ಅಮ್ಮ ಅಂಗಿಗಳನ್ನು ಒಂದೊಂದಾಗಿ ಎತ್ತಿದಳು. "ಒಂದು ಪದಕ್ಕೆ ಓದು ಕಳ್ಕೋತೀಯಾ? ನಿಮ್ಮಜ್ಜಿ ಗಟ್ಟಿಯಾಗಿದ್ದಾಳೆ. ಅವಳು ಹೋಗೋ ಹೊತ್ತಿಗೆ ನೀನೇ ಸಂಪಾದಕಿ ಆಗಿರ್ತೀಯ. ಆಗ ಏನು ಬೇಕಾದ್ರೂ ಬರಿ. ಈಗ ಮೂರು ಅಂತ ಕೊಟ್ಟು ಕೈ ತೊಳ್ಕೊ."

ಗಿಣಿ ಅಜ್ಜಿಯ ಕಡೆ ನೋಡಿದಳು. ಜಗಳವಾಡಲಿ, ಬೈಯಲಿ ಎಂದು ಕಾದಳು. ಅಜ್ಜಿ ಮಂಚದ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. "ಕೊಟ್ಟುಬಿಡೇ," ಎಂದಳು. "ಸತ್ತ ಮೇಲೆ ನಾನು ಓದೋಕೆ ಬರ್ತೀನಾ?"

ಆ ಮಾತಿಗಿಂತ ಬೈಗುಳವೇ ಮೇಲಿತ್ತು. ಶನಿವಾರ ಗಿಣಿ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಾಗ ಕಣ್ಣು ಮಂಜಾಗಿತ್ತು, ಬೆರಳಿನ ತುಂಬ ಸಿಟ್ಟಿತ್ತು. ಹಳೆಯ ಪ್ರತಿಯನ್ನು ತೆರೆಯಲೂ ಮನಸ್ಸಾಗದೆ ಮೊದಲಿನಿಂದ ಹೊಸದಾಗಿ ಹೊಡೆದಳು. ಗುಂಡಿ ಕಾರ್ಖಾನೆಯ ಮಾಜಿ ಕಾರ್ಮಿಕರಾದ ಹಿರಿಯ ಮಹಿಳೆ ಶನಿವಾರ ನಿಧನರಾದರು. ಹೆಸರು, ವಯಸ್ಸು, ಬೀದಿ, ಎಲ್ಲವೂ ಸರಿ. ಕೊನೆಯ ಸಾಲು: ಮೃತರಿಗೆ ಮೂವರು ಪುತ್ರರು ಇದ್ದಾರೆ. ನಿಧನದ ಸುದ್ದಿಗಳೆಲ್ಲ ಇರುವ ಕಡೆ ಅದನ್ನು ಸೇರಿಸಿ, ಯಾರಿಗೂ ಹೇಳದೆ ಎದ್ದು ಬಂದಳು.

ಎಲ್ಲಕ್ಕಿಂತ ಮೇಲೆ ಇರಬೇಕಾದ ಸಾಲನ್ನು ಅವಳು ಹಾಕಿರಲಿಲ್ಲ.

ಭಾನುವಾರ ಬೆಳಗ್ಗೆ ಬಾಗಿಲು ಬಡಿದವನು ಎದುರಿನ ದಿನಸಿ ಅಂಗಡಿಯವನು. ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಮುಖವನ್ನು ಪೂರ್ತಿ ಇಳಿಸಿಕೊಂಡು ಬಂದಿದ್ದ. ಬಾಗಿಲು ತೆರೆದವಳು ಅಜ್ಜಿ.

"ಅಯ್ಯೋ," ಎಂದು ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಏನಪ್ಪ ಹೊತ್ತಾರೆನೇ? ಯಾರು ಹೋದ್ರು?"

"ನೀವೇ ಅಜ್ಜಿ," ಎಂದ ಅವನು, ಕೈಯಲ್ಲಿದ್ದ ಪತ್ರಿಕೆಯನ್ನು ಮುಂದೆ ಚಾಚಿ.

ಪತ್ರಿಕೆ ಅಪ್ಪನ ಕೈಗೆ ಬಂತು. ಒಳಪುಟದ ಕೆಳಮೂಲೆಯಲ್ಲಿ ಅಜ್ಜಿ ಅಚ್ಚಾಗಿದ್ದಳು. ಹಿಂದಿನ ರಾತ್ರಿ ಕಚೇರಿಯಲ್ಲಿ ಇದ್ದವರು ಕಡಿಮೆ. ಜಾಹೀರಾತೊಂದು ಕೊನೆಯ ಗಳಿಗೆಗೆ ತಪ್ಪಿಹೋಗಿ, ಪುಟ ಕಟ್ಟುವವನು ಖಾಲಿ ಜಾಗಕ್ಕೆ ಕೈಗೆ ಸಿಕ್ಕ ನಿಧನವಾರ್ತೆಯನ್ನು ತುಂಬಿದ್ದ. ಗಿಣಿ ಗೋಡೆಗೆ ಒರಗಿದಳು.

"ಓದು," ಎಂದಳು ಅಜ್ಜಿ. "ಕನ್ನಡಕ ಸಿಗ್ತಿಲ್ಲ ನಂಗೆ. ಪೂರ್ತಿ ಓದು."

ಗಿಣಿ ಓದಿದಳು. ಕೊನೆಯ ಸಾಲನ್ನು ಪತ್ರಿಕೆಯಿಂದ ತಲೆ ಎತ್ತದೆ ಓದಿದಳು.

"ನೋಡಿದ್ಯೇನಪ್ಪ," ಎಂದಳು ಅಜ್ಜಿ ಅಂಗಡಿಯವನಿಗೆ. "ಮೂರೇ ಮಕ್ಕಳಂತೆ. ಅದು ನಾನಲ್ಲ. ನೀನು ಹೋಗಿ ಅಂಗಡಿ ತೆಗಿ."

ಅಪ್ಪ ಕೂಗಾಡಿದ. ಪತ್ರಿಕೆಯವರ ಮೇಲೆ ಕೇಸು ಹಾಕುತ್ತೇನೆಂದ, ಗಿಣಿಯ ಪುಸ್ತಕಗಳನ್ನು ಒಲೆಗೆ ಹಾಕುತ್ತೇನೆಂದ. ಅಮ್ಮ ಫೋನ್ ಹಿಡಿದು, "ಇಲ್ಲ ಇಲ್ಲ, ಗಟ್ಟಿಯಾಗಿದ್ದಾರೆ, ಈಗಷ್ಟೇ ಟೀ ಕುಡಿದ್ರು" ಎಂದು ಒಬ್ಬೊಬ್ಬರಿಗೂ ಹೇಳುತ್ತ ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ನಡೆಯುತ್ತಿದ್ದಳು. ದೊಡ್ಡ ಚಿಕ್ಕಪ್ಪ ಫೋನಿನಲ್ಲೇ ಗೊಳೋ ಎಂದು ಅತ್ತು, ವಿಷಯ ತಿಳಿದ ಮೇಲೆ, "ನನ್ನ ಹೆಸರೇನೂ ಬಂದಿಲ್ವಲ್ಲ?" ಎಂದು ಕೇಳಿದನಂತೆ.

ಮಧ್ಯಾಹ್ನ ಮತ್ತೊಮ್ಮೆ ಬಾಗಿಲು ಬಡಿಯಿತು. ಈ ಸಲ ತೆರೆದವಳು ಗಿಣಿ.

ಬಟ್ಟೆ ಕೋಣೆಯ ಹೆಂಗಸು. ಕೈಯಲ್ಲಿ ಮಡಿಚಿದ ಪತ್ರಿಕೆ, ಹೆಗಲಲ್ಲಿ ಕೈಚೀಲ. ಅತ್ತು ಅತ್ತು ಕಣ್ಣು ಊದಿತ್ತು. ಗಿಣಿಯನ್ನು ನೋಡಿ ಒಂದು ಕ್ಷಣ ತಡೆದಳು. "ದಾರಿ ತಪ್ಪಿದೋಳು ನೀನೇ ಅಲ್ವಾ?"

ಗಿಣಿ ತಲೆಯಾಡಿಸಿದಳು.

"ಮೂವರು ಪುತ್ರರು ಅಂತ ಓದಿದೆ," ಎಂದಳು ಅವಳು ಒಳಗಿದ್ದ ಅಣ್ಣನಿಗೆ ಕೇಳುವಂತೆ. "ಆದ್ರೂ ಬಂದೆ. ಒಂದು ಸಲ ಮುಖ ನೋಡ್ತೀನಿ, ಹೋಗ್ತೀನಿ. ಇಷ್ಟಕ್ಕೆ ಬೇಡ ಅನ್ನಬೇಡ ಅಣ್ಣ."

"ಮುಖ ಇಲ್ಲಿದೆ, ಬಾ," ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ.

ಅಜ್ಜಿ ಮಡಿಲಲ್ಲಿ ಬಟಾಣಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಲ್ಲೇ ಕುಸಿದಳು. ಆಮೇಲೆ ಎದ್ದು ಬಂದು ತಾಯಿಯ ಮುಖ, ತೋಳು, ಬೆರಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಅಮ್ಮನಿಗೂ ಅಳು ಬಂತು. ಗಿಣಿ ನಡೆದದ್ದನ್ನೆಲ್ಲ ತಡವರಿಸುತ್ತ ಹೇಳಿದಳು. ಅಪ್ಪ ಮಾತ್ರ ಹಿಂಬಾಗಿಲ ಬಳಿ ಬೆನ್ನು ಮಾಡಿ ನಿಂತಿದ್ದ.

ಅತ್ತೆ ಕಣ್ಣೊರೆಸಿಕೊಂಡು ಆ ಬೆನ್ನಿಗೆ ಹೇಳಿದಳು. "ಅಣ್ಣ, ನಾನು ಇರೋಕೆ ಬಂದಿಲ್ಲ. ಒಂದೇ ಒಂದು ಕೇಳ್ತೀನಿ. ಅವತ್ತು ನಾನು ಹೇಳಿದ್ದು ಸುಳ್ಳಾಗಿತ್ತಾ?"

ಬೆನ್ನು ಅಲುಗಲಿಲ್ಲ.

"ಸರಿ," ಎಂದಳು ಅವಳು. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು. ಅಲ್ಲಿ, ಒಳಗೆ ಬರಲು ಹೆಜ್ಜೆ ಎತ್ತಿದ್ದ ಕತ್ತರಿ ಮೇಡಂಗೆ ಡಿಕ್ಕಿ ಹೊಡೆಯುವುದರಲ್ಲಿದ್ದಳು.

ಮೇಡಂ ತಾನೇ ಬಂದಿದ್ದಳು. ಅಜ್ಜಿಗೆ ಕೈಮುಗಿದು ತಪ್ಪಾಯಿತೆಂದಳು, ಕೊಟ್ಟ ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದಳು. ಸುತ್ತಿಬಳಸುವ ಅಭ್ಯಾಸ ಅವಳಿಗಿರಲಿಲ್ಲ. "ನಾಳೆ ತಿದ್ದುಪಡಿ ಹಾಕ್ತೀವಿ. ಈ ಸುದ್ದಿಯಲ್ಲಿ ಏನೇನು ತಪ್ಪಿದೆ, ಮನೆ ಯಜಮಾನರು ಹೇಳಬೇಕು."

"ಸತ್ತಿಲ್ಲ," ಎಂದ ಅಪ್ಪ ಒರಟಾಗಿ, ತಿರುಗಿ.

"ಅದು ಕಾಣ್ತಿದೆ. ಬೇರೆ?"

ಅಪ್ಪ ಮುಖ ತಿರುಗಿಸಿದ. ಮೇಡಂ ಗಿಣಿಯ ಕಡೆ ತಿರುಗಿದಳು. "ನೀನು ಮೊದಲು ಕೊಟ್ಟಿದ್ರಲ್ಲಿ ಒಬ್ಬ ಪುತ್ರಿ ಇದ್ದಳು. ಎರಡನೇ ಬಾಯಿ ತಾ ಅಂದೆ. ನೀನು ಪುತ್ರೀನೇ ತೆಗೆದುಬಿಟ್ಟಿದ್ದೀಯ. ಯಾವುದು ನಿಜ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

"ಮತ್ತೆ ಯಾಕೆ ಬದಲಾಯಿಸಿದೆ?"

ಗಿಣಿ ನೆಲ ನೋಡಿದಳು. ಅಪ್ಪನ ಪಾದ ಅಲ್ಲೇ ಕಾಣುತ್ತಿತ್ತು, ಹೆಬ್ಬೆರಳು ನೆಲ ಒತ್ತುತ್ತಿತ್ತು. "ನಾನೇ ಬದಲಾಯಿಸಿದೆ," ಎಂದಳು.

"ಮೇಲಿನ ಸಾಲು ಮರೆತದ್ದು ತಪ್ಪು. ಅಂಥದ್ದು ನನಗೂ ಆಗಿದೆ. ಗೊತ್ತಿದ್ದೂ ಬದಲಾಯಿಸೋರಿಗೆ ನನ್ನ ಹತ್ರ ಜಾಗ ಇಲ್ಲ. ನಾಳೆಯಿಂದ ಕಚೇರಿಗೆ ಬರಬೇಡ. ಕಾಲೇಜಿಗೂ ನಾನೇ ಹೇಳ್ತೀನಿ."

ಗಿಣಿಗೆ ಅಳು ಉಕ್ಕಿ ಬಂತು. ತುಟಿ ಕಚ್ಚಿ ನಿಂತಳು. ಕಾಲೇಜು ಬಿಡಿಸುತ್ತೇನೆಂದು ಗುಡುಗಿದ್ದ ಅಪ್ಪ ಈಗ ಬಾಯಿ ಬಿಡದಿದ್ದರೆ ಸಾಕಿತ್ತು, ಅವನಂದುಕೊಂಡದ್ದು ತಾನಾಗಿಯೇ ಆಗುತ್ತಿತ್ತು. ಅವನು ಮಗಳನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ತಂಗಿಯನ್ನೂ ನೋಡಿದ, ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ.

"ಅವಳಲ್ಲ," ಎಂದ. "ಅವಳು ಸರಿಯಾಗೇ ಬರೆದಿದ್ಲು. ನಾನು ಹೆದರಿಸಿದೆ. ಓದು ಬಿಡಿಸ್ತೀನಿ ಅಂದೆ. ಅದಕ್ಕೇ ಬದಲಾಯಿಸಿದ್ಲು."

ಮೇಡಂ ಪೆನ್ನನ್ನು ಕಾಗದದ ಮೇಲಿಟ್ಟಳು. "ಹಾಗಾದ್ರೆ ಮಕ್ಕಳ ಲೆಕ್ಕ?"

"ತಪ್ಪಿದೆ. ನಾಲ್ಕು."

"ತಾಯಿ ಒಂದು ಬಾಯಿ," ಎಂದಳು ಮೇಡಂ ಬರೆಯುತ್ತ. "ಎರಡನೇದು?"

"ನಾನೇ."

"ಮಗಳ ಹೆಸರು?"

ಅಪ್ಪ ಕೆಮ್ಮಿದ. ಆಮೇಲೆ ಹೇಳಿದ. ಆ ಮನೆಯ ಗೋಡೆಗಳು ಇಪ್ಪತ್ತು ವರ್ಷ ಕೇಳದ ಹೆಸರು. ಬಳಸದೆ ಇಟ್ಟ ಬೀಗದ ಹಾಗೆ ಕಿರುಗುಟ್ಟಿ ಬಂತು, ಬೇಕಾದ್ದಕ್ಕಿಂತ ಜೋರಾಗಿಯೇ ಬಂತು.

"ಏನಣ್ಣ?" ಎಂದಳು ಅತ್ತೆ ಬಾಗಿಲಿಂದ.

ಕರೆದರೆಂದು ಓಗೊಟ್ಟಿದ್ದಳು, ಅಷ್ಟೇ. ಹಳೆಯ ರೂಢಿ. ಓಗೊಟ್ಟ ಮೇಲೆ ಅವಳಿಗೇ ಅದು ತಿಳಿದು, ಕೈ ಬಾಯಿಗೆ ಹೋಯಿತು.

ಅಪ್ಪ ಅವಳನ್ನೇ ನೋಡುತ್ತಿದ್ದ. "ಸುಳ್ಳಾಗಿರಲಿಲ್ಲ," ಎಂದ.

ಮೇಡಂ ತಲೆ ಎತ್ತಿದಳು. "ಏನದು? ಅದನ್ನೂ ಬರ್ಕೋಬೇಕಾ?"

"ಅದು ಅಚ್ಚಿಗಲ್ಲಮ್ಮ," ಎಂದಳು ಅಜ್ಜಿ. "ಅದು ಮನೆಗೆ."

ಮೇಡಂ ಕಾಗದವನ್ನೂ ಪೆನ್ನನ್ನೂ ಗಿಣಿಯ ಕಡೆ ಚಾಚಿದಳು. "ತಿದ್ದುಪಡಿ ನೀನೇ ಬರಿ. ವಿಶೇಷಣ ಬೇಡ."

ಗಿಣಿ ಇಸ್ತ್ರಿ ಮೇಜಿನ ಮುಂದೆ ಕೂತು ಕಣ್ಣೊರೆಸಿಕೊಂಡಳು. ಅಮ್ಮ ಇನ್ನೊಂದು ತಟ್ಟೆಗಾಗಿ ಕಪಾಟು ತಡಕುತ್ತಿದ್ದಳು. ಅಜ್ಜಿ ಬುಟ್ಟಿಯಲ್ಲಿದ್ದ ಬಟಾಣಿಯ ಅರ್ಧವನ್ನು ಮಗಳ ಮಡಿಲಿಗೆ ಸುರಿದು, "ಹುಳುಕು ನೋಡ್ಕೊಂಡು ಸುಲಿ" ಎಂದಳು.